ಚಲನೆಯನ್ನು ಸೂಚಿಸುವ ಇಂಗ್ಲಿಷ್ ಕಿರುಪದಗಳು: ನಮ್ಮ ಮನೆಗಳ ಎರಡು ನುಡಿಗಳ ನಡುವೆ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳ ವಿದ್ಯಾಭ್ಯಾಸ ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದಲ್ಲಿಯೇ ನಡೆಯುತ್ತದೆ. ಮಕ್ಕಳಾಗಲಿ ಹಿರಿಯರಾಗಲಿ ಇಂಗ್ಲಿಷಿನ ದೊಡ್ಡ ಪದಗಳನ್ನು ಕಲಿತು ನಿಭಾಯಿಸುತ್ತಾರೆ. ಎಡವುವುದು ಸಣ್ಣ ಪದಗಳಲ್ಲಿ: ‘ಇನ್’, ‘ಔಟ್’, ‘ಅಪ್’, ‘ಡೌನ್’, ‘ಅವೇ’, ‘ಬ್ಯಾಕ್’. ಇದು ನಮ್ಮೊಬ್ಬರ ಕಷ್ಟವಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದಕ್ಕೆ ಇಂತಹ ಕಿರುಪದ ಸೇರಿ ಅರ್ಥ ಮಾರ್ಪಡುವ ಪರಿಯೇ ಪರಭಾಷಿಕರಿಗೆ ಅತ್ಯಂತ ಕಠಿಣವೆಂದು ಹೇಳಿದ್ದರು. ಈ ಜೋಡಣೆಗೆ ಇಂದು ಪ್ರಚಲಿತವಾಗಿರುವ ‘ಫ್ರೇಸಲ್ ವರ್ಬ್’ ಎಂಬ ಹೆಸರು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಗ್ರಂಥದಿಂದ ಬಳಕೆಗೆ ಬಂದಿತು.

ಚಲನೆಯ ಮಾತಿನಲ್ಲಿ ಎರಡು ಸಂಗತಿಗಳಿರುತ್ತವೆ. ಹೇಗೆ ಚಲಿಸಿತು ಎಂಬುದು ಒಂದು. ಎತ್ತ ಚಲಿಸಿತು ಎಂಬುದು ಇನ್ನೊಂದು. ಇಂಗ್ಲಿಷ್ ಮೊದಲನೆಯದನ್ನು ಕ್ರಿಯಾಪದಕ್ಕೂ ಎರಡನೆಯದನ್ನು ಕಿರುಪದಕ್ಕೂ ಹಂಚಿಕೊಡುತ್ತದೆ. ‘ದ ಚೈಲ್ಡ್ ರ‍್ಯಾನ್ ಔಟ್’, ‘ದ ಚೈಲ್ಡ್ ಕ್ರಾಲ್ಡ್ ಔಟ್’, ‘ದ ಚೈಲ್ಡ್ ಜಂಪ್ಡ್ ಔಟ್’ ಎಂಬ ಮೂರು ವಾಕ್ಯಗಳಲ್ಲಿ ಓಟ, ಅಂಬೆಗಾಲು, ನೆಗೆತ ಬೇರೆ ಬೇರೆ. ‘ಔಟ್’ ಮಾತ್ರ ಒಂದೇ. ಕನ್ನಡದ ಕ್ರಮ ಬೇರೆ. ‘ಮಗು ಓಡಿಕೊಂಡು ಹೊರಗೆ ಬಂತು’ ಎನ್ನುವಾಗ ಚಲನೆಯ ರೀತಿ ‘ಓಡಿಕೊಂಡು’ ಎಂಬ ಕೃದಂತದಲ್ಲಿ ಅಡಗುತ್ತದೆ. ವಾಕ್ಯವನ್ನು ಮುಗಿಸುವ ಮುಖ್ಯ ಕ್ರಿಯಾಪದ ‘ಬಂತು’ ಎಂಬುದು. ಅಲ್ಲದೆ ನಾವು ಸಾಮಾನ್ಯವಾಗಿ ‘ಬಂತು’ ಅಥವಾ ‘ಹೋಯಿತು’ ಎಂದು ಆರಿಸಿಕೊಳ್ಳುತ್ತೇವೆ; ಮಾತನಾಡುವವರು ಬಾಗಿಲಿನ ಹೊರಗಿದ್ದರೋ ಒಳಗಿದ್ದರೋ ಎಂಬುದು ಅದರಿಂದಲೇ ತಿಳಿಯುತ್ತದೆ. ‘ರ‍್ಯಾನ್ ಔಟ್’ ಎಂಬಲ್ಲಿ ಆ ಸುಳಿವು ಇಲ್ಲ. ಭಾಷೆಗಳ ನಡುವಿನ ಈ ಬಗೆಯ ಭೇದವನ್ನು ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಪ್ರಮುಖರು.

ಈಗ ಸರ್ವನಾಮದ ಸ್ಥಾನವನ್ನು ನೋಡೋಣ. ಪೆಟ್ಟಿಗೆಯನ್ನು ಹೊರಗೆ ತೆಗೆಯಿರಿ ಎನ್ನಲು ‘ಟೇಕ್ ಔಟ್ ದ ಬಾಕ್ಸ್’ ಎನ್ನಬಹುದು, ‘ಟೇಕ್ ದ ಬಾಕ್ಸ್ ಔಟ್’ ಎಂದೂ ಹೇಳಬಹುದು. ಆದರೆ ‘ಬಾಕ್ಸ್’ ಬದಲು ‘ಇಟ್’ ಬಂದೊಡನೆ ಈ ಸ್ವಾತಂತ್ರ್ಯ ಹೋಗುತ್ತದೆ. ‘ಟೇಕ್ ಇಟ್ ಔಟ್’ ಎಂಬುದೊಂದೇ ಸರಿ. ‘ಟೇಕ್ ಔಟ್ ಇಟ್’ ತಪ್ಪು. ‘ಬ್ರಿಂಗ್ ದೆಮ್ ಇನ್’, ‘ಪುಟ್ ಇಟ್ ಡೌನ್’, ‘ಸೆಂಡ್ ಹಿಮ್ ಬ್ಯಾಕ್’ ಎಂಬುವೂ ಹೀಗೆಯೇ. ಕಾರಣ ಕಷ್ಟದ್ದಲ್ಲ. ಇಂಗ್ಲಿಷ್ ವಾಕ್ಯದ ಕೊನೆಯ ಸ್ಥಾನ ಒತ್ತಿನ ಸ್ಥಾನ. ಹೊಸದಾಗಿ ತಿಳಿಸಬೇಕಾದುದು ಅಲ್ಲಿ ನಿಲ್ಲುತ್ತದೆ. ಸರ್ವನಾಮವಾದರೋ ಈಗಾಗಲೇ ತಿಳಿದ ವಸ್ತುವನ್ನು ಸೂಚಿಸುವ ಹಗುರವಾದ ಪದ. ಆದುದರಿಂದ ಅದು ಕ್ರಿಯಾಪದಕ್ಕೆ ಅಂಟಿಕೊಂಡು ಮುಂದೆಯೇ ಕೂರುತ್ತದೆ. ದಿಕ್ಕನ್ನು ಹೇಳುವ ಕಿರುಪದ ಒತ್ತು ಪಡೆದು ಕೊನೆಗೆ ನಿಲ್ಲುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಒಂದೇ ಕಿರುಪದ ಕೆಲವೊಮ್ಮೆ ಕ್ರಿಯಾವಿಶೇಷಣವಾಗಿಯೂ ಕೆಲವೊಮ್ಮೆ ಪ್ರಿಪೊಸಿಷನ್ ಆಗಿಯೂ ವರ್ತಿಸುತ್ತದೆ. ‘ಪಿಕ್ ಅಪ್ ದ ಬಾಲ್’ ಎಂಬುದು ‘ಪಿಕ್ ಇಟ್ ಅಪ್’ ಆಗುತ್ತದೆ. ಆದರೆ ಬೆಕ್ಕು ಮರ ಹತ್ತಿತು ಎಂಬ ಅರ್ಥದ ‘ದ ಕ್ಯಾಟ್ ರ‍್ಯಾನ್ ಅಪ್ ದ ಟ್ರೀ’ ಎಂಬುದು ‘ದ ಕ್ಯಾಟ್ ರ‍್ಯಾನ್ ಅಪ್ ಇಟ್’ ಎಂದೇ ಆಗಬೇಕು. ಮೊದಲನೆಯದರಲ್ಲಿ ಮೇಲೆ ಬರುವುದು ಚೆಂಡು. ‘ಅಪ್’ ಕ್ರಿಯಾಪದದ ಜೊತೆಗಾರ. ಎರಡನೆಯದರಲ್ಲಿ ಮರವು ಎಲ್ಲಿಗೂ ಚಲಿಸುವುದಿಲ್ಲ. ‘ಅಪ್’ ಮರಕ್ಕೆ ಸೇರಿದ ಪದ. ಪರೀಕ್ಷೆ ಸುಲಭ. ನಾಮಪದವನ್ನು ಕಿರುಪದದ ಮುಂದಕ್ಕೆ ತಂದು ನೋಡಬೇಕು. ‘ಪಿಕ್ ದ ಬಾಲ್ ಅಪ್’ ಎನ್ನಬಹುದು, ‘ರ‍್ಯಾನ್ ದ ಟ್ರೀ ಅಪ್’ ಎನ್ನಲಾಗದು. ಮೊದಲನೆಯದು ಸಾಧ್ಯವಾದಲ್ಲಿ ಮಾತ್ರ ಸರ್ವನಾಮ ನಡುವೆ ಬರುತ್ತದೆ.

ಕಿರುಪದ ವಾಕ್ಯದ ಮೊದಲಿಗೇ ಬರುವುದೂ ಉಂಟು. ನಿಲ್ದಾಣದಲ್ಲಿ ಗಾಡಿ ಕಾಣಿಸಿದಾಗ ‘ಹಿಯರ್ ಕಮ್ಸ್ ದ ಟ್ರೇನ್’ ಎನ್ನುತ್ತಾರೆ. ಸರ್ವನಾಮವಿದ್ದರೆ ‘ಹಿಯರ್ ಇಟ್ ಕಮ್ಸ್’. ಬಿಲದಿಂದ ಇಲಿ ಹೊರಬಿದ್ದಾಗ ‘ಔಟ್ ಕೇಮ್ ದ ರ‍್ಯಾಟ್’. ಸರ್ವನಾಮವಿದ್ದರೆ ‘ಔಟ್ ಇಟ್ ಕೇಮ್’. ಇಲ್ಲಿಯೂ ಮೇಲಿನ ತತ್ತ್ವವೇ ಕೆಲಸ ಮಾಡುತ್ತದೆ: ಹೊಸ ನಾಮಪದಕ್ಕೆ ಕೊನೆಯ ಸ್ಥಾನ ಸಲ್ಲುತ್ತದೆ, ಹಗುರವಾದ ಸರ್ವನಾಮಕ್ಕೆ ಸಲ್ಲುವುದಿಲ್ಲ.

ಇಂಗ್ಲಿಷಿನಲ್ಲಿ ದಿಕ್ಕನ್ನು ತಮ್ಮೊಳಗೇ ಇಟ್ಟುಕೊಂಡ ಕ್ರಿಯಾಪದಗಳೂ ಇವೆ: ‘ಎಂಟರ್’, ‘ಅಸೆಂಡ್’, ‘ಡಿಸೆಂಡ್’, ‘ರಿಟರ್ನ್’. ಇವು ಲ್ಯಾಟಿನ್ ಮೂಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚಿನ ಮೂಲಕ ಇಂತಹ ಪದಗಳು ಹೇರಳವಾಗಿ ಆ ನುಡಿಗೆ ಸೇರಿದವು. ಹೀಗಾಗಿ ‘ಗೋ ಇನ್’ ಮನೆಮಾತಿನ ಪದ, ‘ಎಂಟರ್’ ಗಂಭೀರ ಪದ. ನಮ್ಮಲ್ಲಿ ‘ಒಳಗೆ ಬಾ’ ಎಂಬುದಕ್ಕೂ ‘ಪ್ರವೇಶಿಸು’ ಎಂಬುದಕ್ಕೂ ಇರುವ ಅಂತರ ಅಂಥದ್ದೇ. ಈ ಇತಿಹಾಸ ತಿಳಿದಿದ್ದರೆ ಒಂದು ಸಾಮಾನ್ಯ ತಪ್ಪು ತಾನಾಗಿಯೇ ದೂರವಾಗುತ್ತದೆ. ‘ರಿಟರ್ನ್’ ಎಂಬುದರಲ್ಲಿಯೇ ಹಿಂದಿರುಗುವ ಅರ್ಥವಿರುವುದರಿಂದ ‘ರಿಟರ್ನ್ ಬ್ಯಾಕ್’ ಎನ್ನುವುದು ಪುನರುಕ್ತಿ. ಕೋಣೆಯೊಳಗೆ ಹೋಗುವುದಕ್ಕೆ ‘ಎಂಟರ್ ದ ರೂಮ್’ ಸಾಕು, ‘ಎಂಟರ್ ಇನ್‌ಟು ದ ರೂಮ್’ ಬೇಡ.

ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ತಿಳಿದ ವಸ್ತುವನ್ನು ನಾವು ಹೆಸರಿಸುವುದೇ ಇಲ್ಲ. ‘ಚೀಲ ಏನಾಯಿತು?’ ಎಂದರೆ ‘ಕೆಳಗಿಟ್ಟೆ’ ಎನ್ನುತ್ತೇವೆ. ಚೀಲವೂ ಇಲ್ಲ, ‘ಅದನ್ನು’ ಎಂಬುದೂ ಇಲ್ಲ. ಈ ಅಭ್ಯಾಸದಿಂದ ‘ಐ ಪುಟ್ ಡೌನ್’ ಎಂದುಬಿಟ್ಟರೆ ಇಂಗ್ಲಿಷ್ ವಾಕ್ಯ ಅಪೂರ್ಣವಾಗುತ್ತದೆ. ‘ಐ ಪುಟ್ ಇಟ್ ಡೌನ್’ ಎನ್ನಲೇಬೇಕು.

ಇದುವರೆಗೆ ಹೇಳಿದ್ದು ಕನ್ನಡ ನಮ್ಮ ಇಂಗ್ಲಿಷಿನ ಮೇಲೆ ಬೀರುವ ಪ್ರಭಾವ. ನಮಗೆ ಹೆಚ್ಚು ಚಿಂತೆಯನ್ನುಂಟುಮಾಡುವುದು ಅದರ ವಿಲೋಮ. ದಿನವಿಡೀ ಇಂಗ್ಲಿಷಿನಲ್ಲಿ ಯೋಚಿಸುವ ಮಗು ಮನೆಗೆ ಬಂದು ‘ಮೆಟ್ಟಿಲ ಮೇಲೆ ಹೋಗುತ್ತೇನೆ’, ‘ಬಸ್ಸಿನಿಂದ ಕೆಳಗೆ ಬಂದೆ’, ‘ರಸ್ತೆಯ ಆಚೆ ಹೋದೆ’ ಎನ್ನುತ್ತದೆ. ವ್ಯಾಕರಣದ ದೃಷ್ಟಿಯಿಂದ ಇವು ತಪ್ಪೆನ್ನಲಾಗದು. ಆದರೆ ‘ಮೆಟ್ಟಿಲು ಹತ್ತುತ್ತೇನೆ’, ‘ಬಸ್ಸಿನಿಂದ ಇಳಿದೆ’, ‘ರಸ್ತೆ ದಾಟಿದೆ’ ಎಂಬಲ್ಲಿನ ಸಹಜತೆ ಇವಕ್ಕಿಲ್ಲ. ‘ಹೋಗು’, ‘ಬಾ’ ಎಂಬೆರಡಕ್ಕೆ ‘ಮೇಲೆ’, ‘ಕೆಳಗೆ’, ‘ಆಚೆ’ ಸೇರಿಸಿದರೆ ಎಲ್ಲವೂ ನಡೆದುಹೋಗುತ್ತದೆ ಎಂದಾದಾಗ ಹತ್ತು, ಏರು, ಇಳಿ, ದಾಟು, ನುಸುಳು, ಹೊರಡು, ಮರಳು ಮುಂತಾದ ಕ್ರಿಯಾಪದಗಳು ಒಂದೊಂದಾಗಿ ಮಕ್ಕಳ ನಾಲಿಗೆಯಿಂದ ಜಾರುತ್ತವೆ. ಕನ್ನಡ ಮಾತನಾಡುವ ಮಗುವಿನ ಕನ್ನಡ ಹೀಗೆ ಸದ್ದಿಲ್ಲದೆ ಬಡವಾಗುತ್ತದೆ.

‘ಹೋಗಿ ಬರುತ್ತೇನೆ’ ಎಂಬ ನಮ್ಮ ಬೀಳ್ಕೊಡುಗೆಯ ಮಾತನ್ನೇ ನೋಡಿರಿ. ಹೋಗುವವರು ಮರಳಿ ಬರುವ ಭರವಸೆಯನ್ನೂ ಕೂಡಿಸಿ ಹೇಳುತ್ತಾರೆ. ನೆರೆಹೊರೆಯ ಮರಾಠಿಗರು ಹೊರಡುವಾಗ ‘ಯೇತೋ’ ಎಂದು ‘ಬರುತ್ತೇನೆ’ ಎಂಬ ಅರ್ಥದಲ್ಲಿ ಹೇಳುತ್ತಾರೆ. ತಮಿಳರ ‘ಪೋಯಿಟ್ಟು ವರೇನ್’, ತೆಲುಗರ ‘ವೆಳ್ಳೊಸ್ತಾನು’ ನಮ್ಮ ಮಾತಿನಂತೆಯೇ ಹೋಗಿ ಬರುವ ಮಾತುಗಳು. ಇದನ್ನು ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ಇಂಗ್ಲಿಷಿಗೆ ಒಗ್ಗದು. ಅಲ್ಲಿ ‘ಐ ವಿಲ್ ಬಿ ಬ್ಯಾಕ್’ ಎನ್ನುತ್ತಾರೆ. ಮರಳುವಿಕೆಯನ್ನು ನಾವು ಕ್ರಿಯಾಪದದಲ್ಲಿ ಹೇಳುತ್ತೇವೆ, ಅವರು ಕಿರುಪದದಲ್ಲಿ ಹೇಳುತ್ತಾರೆ.

ಎರಡೂ ನುಡಿಗಳನ್ನು ಅವುಗಳ ಜಾಡಿನಲ್ಲಿಯೇ ಕಲಿಸಲು ವಿಶೇಷ ಪಾಠಗಳು ಬೇಕಿಲ್ಲ. ಮಗು ಶಾಲೆಯಿಂದ ಮನೆಗೆ ಬಂದ ದಾರಿಯನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ ಹೇಳಲಿ. ಇಂಗ್ಲಿಷಿನಲ್ಲಿ ಹೇಳುವಾಗ ‘ಇಟ್’, ‘ದೆಮ್’ಗಳು ತಮ್ಮ ಸ್ಥಾನದಲ್ಲಿವೆಯೇ ಎಂದು ಗಮನಿಸೋಣ. ಕನ್ನಡದಲ್ಲಿ ಹೇಳುವಾಗ ಹತ್ತಿದ್ದು, ಇಳಿದದ್ದು, ದಾಟಿದ್ದು ಅದರ ಬಾಯಲ್ಲಿ ಬರುವಂತೆ ನೋಡಿಕೊಳ್ಳೋಣ. ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಈ ಎರಡನೆಯ ಕೆಲಸಕ್ಕೆ ಅವರಿಗಿಂತ ಉತ್ತಮ ಗುರುಗಳು ಬೇಕಿಲ್ಲ.