ಅಟ್ಟದ ಮೇಲಿನ ಕಾಯಿ, ಅಪ್ಪನ ಹೃದಯ

‘ನೀನು ಓದ್ತಿರೋದು ಇದನ್ನೇ ಅಲ್ವೇನೇ? ಹೇಳು, ದುಡ್ಡು ಕಟ್ಟೋದಾ, ಬೇಡ್ವಾ?’

ಅಮ್ಮ ಹೀಗೆ ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು.

ಹೋದ ವರ್ಷ ಅಪ್ಪನಿಗೆ ತೋಟದಲ್ಲೇ ಹಾರ್ಟ್ ಅಟ್ಯಾಕ್ ಆಯಿತು. ತಿಪಟೂರು ಹತ್ತಿರದ ನಮ್ಮ ಹಳ್ಳಿಯಿಂದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಸ್ಟೆಂಟ್ ಹಾಕಿ ಜೀವ ಉಳಿಸಿದರು. ಆದರೆ ಎಕೋ ರಿಪೋರ್ಟ್ ನೋಡಿದ ಡಾಕ್ಟರು, ‘ಪಂಪಿಂಗ್ 30 ಪರ್ಸೆಂಟ್ ಇದೆ, ಭಾರ ಎತ್ತಬೇಡಿ’ ಎಂದರು. ಕಾಯಿ ಚೀಲ ಹೊರುತ್ತಿದ್ದ ಅಪ್ಪ ಜಗಲಿ ಮೇಲೆ ಕೂತುಬಿಟ್ಟರು.

ಆಗ ಮಾವ ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಾಹೀರಾತು ಕಳಿಸಿದರು. ‘ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಹೃದಯಕ್ಕೆ ಹೊಸ ಜೀವ’. ಖರ್ಚು ಆರು ಲಕ್ಷ. ಅಮ್ಮ ಅರ್ಧ ಎಕರೆ ತೋಟ ಮಾರಲು ತಯಾರಾಗಿಬಿಟ್ಟಿದ್ದರು. ನಾನು ಎಂ.ಎಸ್ಸಿ. ಬಯೋಟೆಕ್ನಾಲಜಿ ವಿದ್ಯಾರ್ಥಿನಿ. ಸ್ಟೆಮ್ ಸೆಲ್, ಅಂದರೆ ಕಾಂಡಕೋಶದ ಬಗ್ಗೆ ಹತ್ತು ಮಾರ್ಕಿನ ಉತ್ತರ ಉರು ಹೊಡೆದು ಬರೆದವಳು. ಅಪ್ಪನ ವಿಷಯಕ್ಕೆ ಬಂದಾಗ ಆ ಉತ್ತರ ಕೆಲಸಕ್ಕೆ ಬರಲಿಲ್ಲ. ‘ಒಂದು ವಾರ ಟೈಮ್ ಕೊಡಮ್ಮ’ ಎಂದೆ.

ಆ ವಾರ ಮೊದಲ ಬಾರಿಗೆ ಪರೀಕ್ಷೆಗಲ್ಲದೆ ಓದಿದೆ.

ಚರ್ಮ ಕೊಯ್ದುಕೊಂಡರೆ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಹೃದಯ ಹಾಗಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಹಿಂದೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ನಮ್ಮ ಕೋಶಗಳ ಡಿಎನ್‌ಎಯಲ್ಲೂ ಸೇರಿಕೊಂಡಿದೆ. ಅದರ ಪ್ರಮಾಣ ಅಳೆದು ಕೋಶದ ವಯಸ್ಸು ಹೇಳಬಹುದು. 25ರ ಹರೆಯದಲ್ಲಿ ವರ್ಷಕ್ಕೆ ಹೃದಯದ ಸ್ನಾಯುಕೋಶಗಳಲ್ಲಿ ಶೇ 1ರಷ್ಟು ಮಾತ್ರ ಹೊಸದಾಗುತ್ತವೆ. 75ರಲ್ಲಿ ಶೇ 0.45. ದೊಡ್ಡ ಹೃದಯಾಘಾತವೊಂದು ನೂರು ಕೋಟಿ ಕೋಶಗಳನ್ನು ಕೊಲ್ಲಬಹುದು. ಆ ಜಾಗದಲ್ಲಿ ಬೆಳೆಯುವುದು ಗಾಯದ ಕಲೆ. ಅದು ಮಿಡಿಯುವುದಿಲ್ಲ.

ಹಾಗಾದರೆ ಸ್ನಾಯುವನ್ನು ಹೊರಗೆ ಬೆಳೆಸಬಹುದೇ? ಖಂಡಿತ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಚರ್ಮದ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ, ಅವನ್ನು ಕಾಂಡಕೋಶದ ಸ್ಥಿತಿಗೆ ಮರಳಿಸಿದರು. ಮರುವರ್ಷ ಮನುಷ್ಯನ ಕೋಶಗಳಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಕಾಂಡಕೋಶ ಎಂದರೆ ಪಿಯುಸಿ ಮುಗಿಸಿ ಕೂತ ಹುಡುಗನ ಹಾಗೆ. ಏನು ಬೇಕಾದರೂ ಆಗಬಹುದು, ಇನ್ನೂ ಏನೂ ಆಗಿಲ್ಲ. ತಕ್ಕ ರಾಸಾಯನಿಕಗಳನ್ನು ತಕ್ಕ ದಿನ ಕೊಟ್ಟರೆ ಅವು ಹೃದಯದ ಕೋಶಗಳಾಗಿ, ಹತ್ತು ಹನ್ನೆರಡು ದಿನಗಳಲ್ಲಿ ಲ್ಯಾಬಿನ ತಟ್ಟೆಯಲ್ಲೇ ಮಿಡಿಯತೊಡಗುತ್ತವೆ. ರಾತ್ರಿ ಹಾಸ್ಟೆಲ್‌ನಲ್ಲಿ ಆ ವಿಡಿಯೊ ನೋಡುತ್ತಾ ಅತ್ತುಬಿಟ್ಟೆ.

ತಟ್ಟೆಯಿಂದ ಎದೆಯವರೆಗಿನ ದಾರಿಯೂ ಶುರುವಾಗಿದೆ. 2020ರ ಜನವರಿಯಲ್ಲಿ ಒಸಾಕಾ ವಿಶ್ವವಿದ್ಯಾಲಯದ ಯೋಶಿಕಿ ಸಾವಾ ಅವರ ತಂಡ ಇಂಥ ಕೋಶಗಳ ತೆಳು ಹಾಳೆಗಳನ್ನು ರೋಗಿಯೊಬ್ಬರ ಹೃದಯದ ಮೇಲೆ ಇರಿಸಿತು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಿಜ್ಞಾನಿಗಳು ಕೋಶಗಳನ್ನು ಕೊಲಾಜೆನ್ ಜೊತೆ ಸೇರಿಸಿ ಸ್ನಾಯುವಿನ ತೇಪೆ ಮಾಡಿದರು. ಮೊದಲು ಕೋತಿಗಳಲ್ಲಿ ಪರೀಕ್ಷಿಸಿ, ನಂತರ 46 ವರ್ಷದ ಮಹಿಳೆಯೊಬ್ಬರ ಹೃದಯಕ್ಕೆ ಹಾಕಿದರು. ಮೂರು ತಿಂಗಳ ಬಳಿಕ ಅವರಿಗೆ ದಾನಿಯ ಹೃದಯ ಸಿಕ್ಕಿತು. ಹೊರತೆಗೆದ ಹಳೆಯ ಹೃದಯ ನೋಡಿದರೆ, ತೇಪೆ ಬದುಕಿತ್ತು, ಅದರೊಳಗೆ ರಕ್ತನಾಳಗಳೂ ಬೆಳೆದಿದ್ದವು. ಇದು 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ತೊಡಕುಗಳೂ ಇವೆ. ಹೊಸ ಕೋಶಗಳು ಹಳೆಯವುಗಳ ತಾಳಕ್ಕೆ ಕೂಡಿಕೊಳ್ಳದಿದ್ದರೆ ಬಡಿತ ಏರುಪೇರಾಗುತ್ತದೆ. ಪಕ್ವವಾಗದ ಕೋಶ ಉಳಿದರೆ ಗಡ್ಡೆಯಾಗುವ ಭಯ. ಬೇರೆಯವರ ಕೋಶವಾದರೆ ದೇಹ ತಿರಸ್ಕರಿಸದಂತೆ ಔಷಧಿ ಬೇಕು. ಅವಸರದ ಆಸೆ ದೊಡ್ಡವರನ್ನೂ ಎಡವಿಸಿದೆ. ಹೃದಯದಲ್ಲೇ ಕಾಂಡಕೋಶಗಳಿವೆ, ಅವು ಅದನ್ನು ರಿಪೇರಿ ಮಾಡುತ್ತವೆ ಎಂದು ಅಮೆರಿಕದ ಪಿಯೆರೊ ಅನ್ವೆರ್ಸಾ ವರ್ಷಗಟ್ಟಲೆ ಹೇಳಿದ್ದರು. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೇ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹೇಳಿತು.

ನಮ್ಮ ದೇಶದ ನಿಯಮ ಏನೆಂದೂ ಹುಡುಕಿದೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಾಂಡಕೋಶ ಕಸಿಯಂಥವನ್ನು ಬಿಟ್ಟರೆ, ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಕೇಳುವಂತಿಲ್ಲ. ಪ್ರಯೋಗ ಸಿಟಿಆರ್‌ಐ ಎಂಬ ಸರ್ಕಾರಿ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರಬೇಕು, ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಆ ಜಾಹೀರಾತಿನ ನಂಬರಿಗೆ ಫೋನ್ ಮಾಡಿ, ‘ಸಿಟಿಆರ್‌ಐ ನಂಬರ್ ಕೊಡಿ’ ಎಂದೆ. ‘ಅದೆಲ್ಲ ಯಾಕೆ ಮೇಡಂ? ಈ ತಿಂಗಳು ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ’ ಎಂದರು. ನನಗೆ ಉತ್ತರ ಸಿಕ್ಕಿತ್ತು.

ಆದರೆ ಅಪ್ಪನಿಗೆ ‘ಬೇಡ’ ಎಂದು ಹೇಳುವುದು ಹೇಗೆ? ಭಾನುವಾರ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ‘ಇದು ಸುಳ್ಳಲ್ಲಪ್ಪ, ನಿಜವಾಗಿಯೂ ಬೆಳೆಸ್ತಿದ್ದಾರೆ. ಆದರೆ ಇನ್ನೂ ಆಗಿಲ್ಲ.’ ಅಪ್ಪ ಅಟ್ಟದ ಕಡೆ ನೋಡಿದರು. ಅಲ್ಲಿ ಕಾಯಿ ರಾಶಿ ಒಣಗುತ್ತಿತ್ತು.

‘ಉಂಡೆ ಕೊಬ್ಬರಿ ಆಗೋಕೆ ವರ್ಷ ಬೇಕಮ್ಮ. ಆಸೆಪಟ್ಟು ಮೊದಲೇ ಒಡೆದ್ರೆ ಕಾಯೂ ಹೋಯ್ತು, ಕೊಬ್ಬರಿನೂ ಇಲ್ಲ. ತೋಟ ಇರಲಿ ಬಿಡು.’

ಅಮ್ಮ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅಪ್ಪನ ಮಾತ್ರೆಗಳ ಡಬ್ಬಿಗೆ ಬೆಳಿಗ್ಗೆ, ರಾತ್ರಿ ಎಂದು ಚೀಟಿ ಅಂಟಿಸಿಕೊಡು ಎಂದು ಕರೆದರು. ಈಗ ಅಪ್ಪ ಹೇಳಿದ ಹೊತ್ತಿಗೆ ಮಾತ್ರೆ ತಗೊಳ್ಳುತ್ತಾರೆ, ಉಪ್ಪು ಕಡಿಮೆ ಮಾಡಿದ್ದಾರೆ, ಸಂಜೆ ತೋಟದ ಬದುವಿನ ಮೇಲೆ ನಡೆಯುತ್ತಾರೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಕಾಂಡಕೋಶ ಸಂಶೋಧನೆಗೆಂದೇ ಇನ್‌ಸ್ಟೆಮ್ ಎಂಬ ಸಂಸ್ಥೆ ಇದೆ. ಮುಂದಿನ ಸೆಮಿಸ್ಟರ್ ಪ್ರಾಜೆಕ್ಟಿಗೆ ಅಲ್ಲಿಗೆ ಅರ್ಜಿ ಹಾಕಿದ್ದೇನೆ.

ಗೆಳೆಯರೇ, ನೀವು ಓದುತ್ತಿರುವುದು ಯಾವ ವಿಷಯವಾದರೂ ಸರಿ, ‘ನೀನೇ ಹೇಳು’ ಎಂದು ಮನೆಯವರು ಕೇಳುವ ದಿನ ಬರುತ್ತದೆ. ಆ ದಿನ ಗೊತ್ತಿಲ್ಲದಿದ್ದರೆ ಒಂದು ವಾರ ಕೇಳಿಕೊಳ್ಳಿ. ನಮ್ಮ ಅರ್ಧ ಎಕರೆ ಉಳಿದದ್ದು ಆ ಒಂದು ವಾರದಿಂದ.