ಹಾಡನ್ನು ಅದರ ನೆಲದಲ್ಲಿ ಕಲಿಯೋಣ
(ಸಂತ ಸಿಸಿಲಿಯಾ ಹಬ್ಬದ ಚಿಂತನೆ)



ನವೆಂಬರ್ 22 ಸಂತ ಸಿಸಿಲಿಯಾ ಅವರ ಹಬ್ಬ. ಗಾಯಕರಿಗೂ ವಾದ್ಯಗಾರರಿಗೂ ಅವರೇ ಪಾಲಕ ಸಂತರು. ಅವರ ಚಿತ್ರಪಟಗಳಲ್ಲಿ ಕೈಯಲ್ಲೋ ಪಕ್ಕದಲ್ಲೋ ಹೆಚ್ಚಾಗಿ ಒಂದು ಆರ್ಗನ್ ಕಾಣುತ್ತದೆ. ಆದರೆ ಅವರ ಹಳೆಯ ಚರಿತ್ರೆಯಲ್ಲಿ ಅವರು ಆರ್ಗನ್ ನುಡಿಸಿದರೆಂಬ ಮಾತಿಲ್ಲ. ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಸಿಸಿಲಿಯಾ ತಮ್ಮ ಹೃದಯದಲ್ಲಿ ದೇವರಿಗೆ ಹಾಡುತ್ತಿದ್ದರು ಎಂದಷ್ಟೇ ಇದೆ. ಮುಂದೆ ಆ ಮಾತು ಹಬ್ಬದ ಪ್ರಾರ್ಥನೆಯ ಕಿರುಗೀತೆಯಾದಾಗ ‘ಹೃದಯದಲ್ಲಿ’ ಎಂಬ ಪದ ಬಿಟ್ಟುಹೋಯಿತು. ಲತೀನ್ ಭಾಷೆಯಲ್ಲಿ ವಾದ್ಯಗಳಿಗೆಲ್ಲ ಇದ್ದ ಹೆಸರನ್ನು ನಂತರದವರು ತಮ್ಮ ಕಾಲದ ಆರ್ಗನ್ ಎಂದೇ ತಿಳಿದರು. ಚಿತ್ರಕಾರರು ಅದನ್ನೇ ಬರೆದರು.

ಒಂದು ಪದ ಬಿಟ್ಟರೆ, ಒಂದು ಪದದ ಹಳೆಯ ಅರ್ಥ ಮರೆತರೆ, ಕಥೆಯೇ ಬದಲಾಗುತ್ತದೆ. ಹಾಡಿಗೂ ಹೀಗೆಯೇ ಆಗುತ್ತದೆ. ಅದಕ್ಕಾಗಿಯೇ ಇಂದು ವಿಶ್ವವಿದ್ಯಾನಿಲಯಗಳಲ್ಲಿ ಸಂಗೀತವನ್ನು ಅದರ ಇತಿಹಾಸ ಮತ್ತು ಸಂಸ್ಕೃತಿಯ ಸಮೇತ ಕಲಿಸುವ ಒಂದು ಶಿಸ್ತು ಬೆಳೆದಿದೆ. ಈ ಹಾಡನ್ನು ಯಾರು, ಯಾರಿಗಾಗಿ, ಎಲ್ಲಿ, ಯಾವ ವಾದ್ಯದೊಡನೆ, ಹೇಗೆ ಹಾಡುತ್ತಿದ್ದರು ಎಂದು ವಿಚಾರಿಸಿ, ಆಮೇಲೆ ಹಾಡುವುದೇ ಅದರ ತಿರುಳು.

ಸಂನ್ಯಾಸಿಗಳು ತೋರಿದ ದಾರಿ

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಫ್ರಾನ್ಸಿನ ಸೊಲೆಮ್ ಮಠದ ಸಂನ್ಯಾಸಿಗಳೂ ಇದ್ದಾರೆ. 1833ರಲ್ಲಿ ಡೊಮ್ ಗೆರಾಂಜೆ ಆ ಮಠಕ್ಕೆ ಮರುಜೀವ ಕೊಟ್ಟರು. ಆ ಹೊತ್ತಿಗೆ ಗ್ರೆಗೋರಿಯನ್ ಗಾನ ಕಾಲಕಾಲದ ತಿದ್ದುಪಡಿಗಳಿಂದ ತನ್ನ ರೂಪ ಕಳೆದುಕೊಂಡಿತ್ತು. ಸಂನ್ಯಾಸಿಗಳು ಗ್ರಂಥಾಲಯಗಳಿಗೆ ಹೋಗಿ ಪುರಾತನ ಹಸ್ತಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರು. 1889ರಿಂದ ಆ ಹಸ್ತಪ್ರತಿಗಳ ಛಾಯಾಚಿತ್ರಗಳನ್ನೇ ಅಚ್ಚು ಹಾಕಿಸಿದರು. ಅವರ ಶ್ರಮದ ಫಲವಾಗಿ 1908ರಲ್ಲಿ ಬಲಿಪೂಜೆಯ ಗೀತೆಗಳ ಗ್ರಂಥ ಪರಿಷ್ಕೃತ ರೂಪದಲ್ಲಿ ರೋಮಿನಿಂದ ಹೊರಬಂತು. 1933ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹಳೆಯ ಸಂಗೀತಕ್ಕೆಂದೇ ಒಂದು ವಿದ್ಯಾಸಂಸ್ಥೆ ಹುಟ್ಟಿತು. ಅಲ್ಲಿನ ವಿದ್ಯಾರ್ಥಿಗಳು ಇಂದಿಗೂ ಹಳೆಯ ಬರಹ ಓದಲು, ಆಯಾ ಕಾಲದ ವಾದ್ಯ ನುಡಿಸಲು ಕಲಿಯುತ್ತಾರೆ.

ಇದೆಲ್ಲ ಏಕೆ ಬೇಕು? ಏಕೆಂದರೆ ಕಾಗದದಲ್ಲಿ ಹಾಡಿನ ಅರ್ಧ ಮಾತ್ರ ಇರುತ್ತದೆ. ನಮ್ಮ ಕರ್ನಾಟಕ ಸಂಗೀತವನ್ನೇ ನೋಡಿ. ಸ-ರಿ-ಗ-ಮ ಎಂದು ಬರೆದಿಡಬಹುದು. ಸ್ವರವನ್ನು ಎಷ್ಟು ತೂಗಬೇಕು, ಎಲ್ಲಿ ಜಾರಿಸಬೇಕು ಎಂಬ ಗಮಕ ಆ ಅಕ್ಷರಗಳಲ್ಲಿ ಸಿಗದು. ಅದು ಗುರುವಿನ ಬಾಯಿಂದಲೇ ಬರಬೇಕು. ಯುರೋಪಿನಲ್ಲಿಯೂ ಶ್ರುತಿ ಊರಿಂದ ಊರಿಗೆ ಬೇರೆಯಾಗಿತ್ತು. ಇಂದಿನ ಕೀಬೋರ್ಡಿನ ಶ್ರುತಿಯ ಬಗ್ಗೆ ದೇಶದೇಶಗಳು ಒಪ್ಪಿಕೊಂಡದ್ದು 1939ರಲ್ಲಿ.

ಶ್ರೀರಂಗಪಟ್ಟಣದ ಹುಲಿ

ಫ್ರಾನ್ಸ್, ಸ್ವಿಟ್ಜರ್ಲೆಂಡ್ ನಮಗೆ ದೂರ. ನಮ್ಮ ಚಿನಕುರಳಿ ಸೀಮೆಯ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿಯ ಹೆಸರು ನೀವು ಕೇಳಿರಬಹುದು. ಹುಲಿ ಒಬ್ಬ ಬಿಳಿಯ ಮನುಷ್ಯನ ಮೇಲೆ ಎರಗಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳಿಂದ ಮನುಷ್ಯನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತವೆ. ಅನೇಕರಿಗೆ ತಿಳಿಯದ ಸಂಗತಿ ಎಂದರೆ, ಹುಲಿಯ ಹೊಟ್ಟೆಯೊಳಗೆ 18 ದಂತದ ಗುಂಡಿಗಳ ಒಂದು ಪುಟ್ಟ ಆರ್ಗನ್ ಇದೆ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರಿಗೆ ಅದು ಸಿಕ್ಕಿದ್ದು ಅರಮನೆಯಲ್ಲಿ ವಾದ್ಯಗಳಿಗೆಂದು ಮೀಸಲಿಟ್ಟ ಕೋಣೆಯಲ್ಲಿ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಹುಲಿಗೆ ಪೆಟ್ಟಾಯಿತು, ಆಮೇಲೆ ಜೋಡಿಸಿದರು. ಹೀಗೆ ಹಲವು ಬಾರಿ ರಿಪೇರಿಯಾಗಿ ಒಳಗಿನ ಯಂತ್ರ ಮೊದಲಿನಂತೆ ಉಳಿದಿಲ್ಲ. ವಾದ್ಯ ಕಣ್ಣ ಮುಂದಿದೆ. ಆದರೆ ಟಿಪ್ಪುವಿನ ಕಿವಿಗೆ ಬಿದ್ದ ನಾದ ಇದೇ ಎಂದು ಹೇಳುವಂತಿಲ್ಲ. ಈ ವಿದ್ಯೆ ಕಲಿತವರು ಇಲ್ಲಿ ಊಹೆಯನ್ನು ಸತ್ಯವೆಂದು ಸಾರುವುದಿಲ್ಲ. ಗೊತ್ತಿದ್ದದ್ದು ಇಷ್ಟು, ಊಹಿಸಿದ್ದು ಇಷ್ಟು ಎಂದು ಬೇರೆ ಮಾಡಿ ಹೇಳುತ್ತಾರೆ. ಈ ಪ್ರಾಮಾಣಿಕತೆಯೂ ಒಂದು ಪಾಠವೇ.

ಬೀಸುವ ಕಲ್ಲು, ಕಾಯಿಸಿದ ತಮಟೆ

ವಾದ್ಯ ಉಳಿದರೂ ನಾದ ಹೋಗಬಹುದು ಎಂದ ಮೇಲೆ, ಬರೆದೇ ಇಡದ ಹಾಡುಗಳ ಗತಿ ಏನು? ರಾಗಿ ಬೀಸುವ ಪದ ಹುಟ್ಟಿದ್ದು ಕೈಯ ಚಲನೆಯಲ್ಲಿ. ಕಲ್ಲು ಒಂದು ಸುತ್ತು ಬರುವ ಹೊತ್ತೇ ಅದರ ತಾಳ. ದುಡಿಯುವ ಹೆಂಗಸಿನ ಉಸಿರೇ ಅದರ ಸಾಲಿನ ಅಳತೆ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಪದವೂ ಮೂಲೆ ಸೇರಿತು. ಸೋಬಾನೆ ಪದವನ್ನು ಒಬ್ಬರು ಎತ್ತಿಕೊಡಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ಅದನ್ನು ಮೈಕಿನ ಮುಂದೆ ಒಬ್ಬರೇ ಹಾಡಿದರೆ ಧಾಟಿ ಉಳಿದೀತು, ಮದುವೆಮನೆ ಉಳಿಯದು.

ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿದು ನಾದ ಏರುತ್ತದೆ. ಕೀಬೋರ್ಡಿನಲ್ಲಿ ಒತ್ತಿದ ತಮಟೆಯ ಸದ್ದಿಗೆ ಆ ಬೆಂಕಿಯ ಹಂಗಿಲ್ಲ. ಇನ್ನೂ ಒಂದು ಮಾತು. ತಮಟೆ ಬಾರಿಸಿದ ಕೈಗಳು ಹೆಚ್ಚಾಗಿ ದಲಿತರ ಕೈಗಳು. ವಾದ್ಯ ಬೇಕಿತ್ತು, ಬಾರಿಸಿದವರು ಮಾತ್ರ ದೂರ ನಿಲ್ಲಬೇಕಿತ್ತು. ಆ ನೋವನ್ನು ಅರಿಯದೆ ತಮಟೆಯ ಗತ್ತನ್ನು ಮಾತ್ರ ಕಲಿತರೆ ನಾವು ಕಲಿತದ್ದು ಅರ್ಧವೇ.

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವೂ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಕೊಡಬೇಕೆಂದು ಹೇಳುತ್ತದೆ. ಧರ್ಮಪ್ರಚಾರಕರು ಅದರಲ್ಲಿ ತರಬೇತಿ ಪಡೆಯಬೇಕೆಂದೂ ಬಯಸುತ್ತದೆ. ಅಂದರೆ ಜನರ ಧಾಟಿಯನ್ನು ಎತ್ತಿ ತಂದರೆ ಸಾಲದು, ಅದನ್ನು ಕಲಿಯಬೇಕು.

ಮಕ್ಕಳು ಕೇಳಿದಾಗ

ಪಿಯುಸಿ ಮುಗಿಸಿದ ಮಗಳು “ಅಪ್ಪಾ, ನಾನು ಸಂಗೀತ ಓದ್ತೀನಿ” ಎಂದರೆ ಮನೆಯಲ್ಲಿ ಮೊದಲು ಬರುವ ಮಾತು “ಅದರಿಂದ ಹೊಟ್ಟೆ ತುಂಬುತ್ತಾ?” ಎಂಬುದೇ. ಆ ಪ್ರಶ್ನೆ ತಪ್ಪಲ್ಲ. ಕೆಲಸ ಖಚಿತ ಎಂದು ನಾನೂ ಹೇಳಲಾರೆ. ಆದರೆ ಬಾಗಿಲು ಮುಚ್ಚುವ ಮೊದಲು ವಿಚಾರಿಸಿ. ಮೈಸೂರು ನಮಗೆ ದೂರವಲ್ಲ. ಅಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜಿದೆ, ಡಾ. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಜನಪದ ಹಾಡಿನ ಕಡೆ ಒಲವಿದ್ದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿ, ತೆರೆದಿದ್ದರೆ ಮಕ್ಕಳಿಗೆ ಒಮ್ಮೆ ತೋರಿಸಿ.

ಓದಲು ಹೋಗದವರಿಗೂ ಒಂದು ಕೆಲಸವಿದೆ. ಈ ಹಬ್ಬದ ವಾರದಲ್ಲಿ ನಿಮ್ಮ ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಒಪ್ಪಿಗೆ ಕೇಳಿ ಒಂದು ಹಾಡನ್ನು ಮೊಬೈಲಿನಲ್ಲಿ ಹಿಡಿದಿಡಿ. ಅಷ್ಟಕ್ಕೇ ನಿಲ್ಲಬೇಡಿ. ಯಾರಿಂದ ಕಲಿತಿರಿ, ಯಾವ ಊರಲ್ಲಿ, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದಿರಿ, ಜೊತೆಗೆ ಯಾರು ದನಿ ಕೂಡಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ಸೊಲೆಮ್ ಸಂನ್ಯಾಸಿಗಳಿಗೆ ಹಾಡಿದವರು ಯಾರೂ ಉಳಿದಿರಲಿಲ್ಲ, ಹಾಳೆಗಳಷ್ಟೇ ಇದ್ದವು. ನಮ್ಮ ಮನೆಯಲ್ಲಿ ಹಾಡಿದವರೇ ಇನ್ನೂ ಇದ್ದಾರೆ. ಅವರು ಇರುವಾಗಲೇ ಕೇಳೋಣ.

ಸಿಸಿಲಿಯಾ ಅವರ ಕಥೆಯಲ್ಲಿ ಬಿಟ್ಟುಹೋದದ್ದು ‘ಹೃದಯ’ ಎಂಬ ಪದ. ನಮ್ಮ ಹಾಡುಗಳಿಂದ ಅದು ಬಿಟ್ಟುಹೋಗದಿರಲಿ. ಎಲ್ಲ ಗಾನವೃಂದಗಳಿಗೂ ಕುಟುಂಬಗಳಿಗೂ ಹಬ್ಬದ ಶುಭಾಶಯಗಳು.