ಥೀಮ್ ಇದ್ದರೆ ಖರ್ಚು ಕಡಿಮೆ

ಹತ್ತನೇ ತರಗತಿಯವರಿಗೆ ಒಂಬತ್ತನೆಯವರು ಬೀಳ್ಕೊಡುಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಅಮೆರಿಕದ ಶಾಲೆಗಳ ವರ್ಷಾಂತ್ಯದ ಕೂಟವಾದ ಪ್ರಾಮ್‌ನ ಜೋಡಿ ನೃತ್ಯ, ಬಾಡಿಗೆ ಕಾರುಗಳೆಲ್ಲ ಆಂಧ್ರದ ರಾಯದುರ್ಗ, ಮಡಕಶಿರಾದ ಕನ್ನಡ ಶಾಲೆಗಳಿಗೆ ಸಂಬಂಧಿಸಿದ್ದಲ್ಲ. ಆದರೆ ಮೊಬೈಲಿನಲ್ಲಿ ಅದನ್ನು ನೋಡಿದ ಮಕ್ಕಳಿಗೆ ಥೀಮ್ ಬೇಕೆನಿಸುತ್ತದೆ. ‘ಅದೆಲ್ಲ ದುಡ್ಡಿರುವ ಕಾನ್ವೆಂಟುಗಳಿಗೆ’ ಎಂದು ದೊಡ್ಡವರು ಸುಮ್ಮನಾಗಿಸುತ್ತಾರೆ. ಲೆಕ್ಕ ಹಾಕಿದರೆ ಮಾತು ತಿರುವುಮುರುವಾಗುತ್ತದೆ. ನಲವತ್ತು ಮಕ್ಕಳು ತಲಾ 50 ರೂಪಾಯಿ ಹಾಕಿದರೆ 2,000 ಆಯಿತು ಎನ್ನೋಣ. ಒಗ್ಗರಣೆ, ಮಿರ್ಚಿ, ಟೀಗೆ ಎತ್ತಿಟ್ಟ ಮೇಲೆ ಅಲಂಕಾರಕ್ಕೆ ಉಳಿಯುವುದು ಅಷ್ಟಕ್ಕಷ್ಟೆ. ಥೀಮ್ ಇಲ್ಲದಿದ್ದರೆ ಒಬ್ಬರು ಬಲೂನು, ಇನ್ನೊಬ್ಬರು ಜರಿ ಕಾಗದ, ಮತ್ತೊಬ್ಬರು ಫ್ಲೆಕ್ಸು ತರುತ್ತಾರೆ. ದುಡ್ಡು ಖಾಲಿ, ವೇದಿಕೆ ಮಾತ್ರ ಸಂತೆ. ಹೊಂದದ್ದನ್ನು ‘ಇದು ನಮಗೆ ಬೇಡ’ ಎಂದು ಹೇಳುವ ಧೈರ್ಯವನ್ನು ಥೀಮ್ ಕೊಡುತ್ತದೆ.

ಆ ಥೀಮನ್ನು ಅಂಗಡಿಯಲ್ಲಿ ಹುಡುಕದೆ ಊರಲ್ಲಿ ಹುಡುಕಬೇಕು, ಅಷ್ಟೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸ ದೊಡ್ಡದು. ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ತಂದರೆ ‘ನೀಲಿ’ಯೇ ಥೀಮ್. ತುಂಡುಗಳನ್ನು ಮುಕ್ಕೋನವಾಗಿ ಕತ್ತರಿಸಿ, ಒಂದರ ಮುಖ, ಮುಂದಿನದರ ಬೆನ್ನು ಕಾಣುವಂತೆ ಸುತಳಿಗೆ ಹೊಲಿದರೆ, ಕಡುನೀಲಿ ಮತ್ತು ಬಿಳಿಚು ನೀಲಿ ಸರದಿಯಲ್ಲಿ ಬರುವ ತೋರಣವಾಗುತ್ತದೆ. ಅಂಚಿನ ದಾರ ಬಿಚ್ಚಿಕೊಂಡಷ್ಟೂ ಚೆಂದ. ಬಣ್ಣ ಹಚ್ಚುವ ಗೋಜೇ ಇಲ್ಲ. ಮಡಕಶಿರಾ ಕಡೆಯವರಿಗೆ ಹೇಮಾವತಿ ಇದೆ. ಅದೇ ಹಿಂದೆ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು; ಅಲ್ಲಿನ ಕಪ್ಪುಕಲ್ಲಿನ ಕಂಬಗಳ ಕುಸುರಿ ಕಲಾಪ್ರಿಯರಿಗೆಲ್ಲ ಗೊತ್ತು. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಇದ್ದಿಲಿನಿಂದ ಕಪ್ಪು ಬಳಿದು, ಸೀಮೆಸುಣ್ಣದಲ್ಲಿ ಬಳ್ಳಿ ಬಿಡಿಸಿದರೆ ಅಂಥ ನಾಲ್ಕು ಕಂಬ ಸಿದ್ಧ. ನಡುವೆ ತೆಂಗಿನ ಗರಿಯ ಚಪ್ಪರ. ಇತಿಹಾಸದ ಪಾಠವೂ ಒಂದಿಷ್ಟು ಆದಂತೆ, ಮೇಷ್ಟ್ರುಗಳ ಒಪ್ಪಿಗೆ ಸಿಗುವುದಕ್ಕೂ ಇದು ಸುಲಭದ ದಾರಿ!

ಥರ್ಮೋಕೋಲ್ ಅಕ್ಷರಗಳು ಇದಕ್ಕಿಂತ ಅಚ್ಚುಕಟ್ಟು, ಬೇಗನೆ ಮುಗಿಯುತ್ತವೆ ಎಂದು ಕೆಲವರು ಹೇಳಬಹುದು. ಆದರೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್ ಮೂರೂ ಇವೆ. ಪರಿಸರದ ಪಾಠ ಹೇಳುವ ಶಾಲೆಯೇ ಅವನ್ನು ತರಿಸುವುದು ಸರಿಯಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಬಟ್ಟೆಯದು. ‘ಎಲ್ಲರೂ ನೀಲಿ ಸೀರೆ’ ಎಂದುಬಿಟ್ಟರೆ ಕೂಲಿ ಮಾಡುವ ಮನೆಯ ಹುಡುಗಿ ಆ ದಿನ ಜ್ವರದ ನೆಪ ಹೇಳಿ ಮನೆಯಲ್ಲೇ ಉಳಿಯಬಹುದು. ಹಾಗಾಗಿ ಥೀಮ್ ವೇದಿಕೆಗೆ ಸೀಮಿತವಾಗಿರಲಿ, ಮಕ್ಕಳ ಮೈಮೇಲೆ ಬೇಡ. ತೀರಾ ಆಸೆಯಿದ್ದರೆ ಅದೇ ಜೀನ್ಸ್ ಪಟ್ಟಿಯನ್ನು ಎಲ್ಲರೂ ಕೈಗೆ ಕಟ್ಟಿಕೊಳ್ಳಲಿ. ಇನ್ನು ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ ಇಟ್ಟುಕೊಂಡು ಇದೆಲ್ಲ ಯಾಕೆ ಎನ್ನುವ ಪೋಷಕರ ಮಾತನ್ನೂ ತಳ್ಳಿಹಾಕಲಾಗದು. ಆದರೆ ಕೆಲಸವೆಲ್ಲ ಒಂಬತ್ತನೆಯವರದು, ಹತ್ತನೆಯವರು ಅತಿಥಿಗಳು. ಪರೀಕ್ಷೆಗೆ ಒಂದು ತಿಂಗಳ ಮುಂಚೆ, ಮಧ್ಯಾಹ್ನ ಎರಡಕ್ಕೆ ಶುರುಮಾಡಿ ನಾಲ್ಕೂವರೆಗೆ ಮುಗಿಸಿದರೆ ಸೀರಿಯಲ್ ಸೆಟ್ಟೂ ಬೇಡ, ಜನರೇಟರೂ ಬೇಡ, ಹಳ್ಳಿಯಿಂದ ಬರುವವರಿಗೆ ಸಂಜೆಯ ಬಸ್ಸೂ ತಪ್ಪುವುದಿಲ್ಲ.